ಲಾಭ, ಎರಡು, ಮೂರು

ನಮ್ಮ ಅಡುಗೆಮನೆಯ ಕೆಳಗಿನ ಡ್ರಾಯರ್ ಎಳೆದರೆ ಚಮಚಗಳ ಸಂದಿಯಿಂದ ಪುಟ್ಟ ಪುಟ್ಟ ಪ್ಲಾಸ್ಟಿಕ್ ಮುಚ್ಚಳಗಳು ಇಣುಕುತ್ತವೆ. ಕೆಮ್ಮಿನ ಔಷಧಿಯ ಬಾಟಲಿಯ ಮೇಲೆ ಟೊಪ್ಪಿಗೆ ಹಾಕಿಕೊಂಡಂತೆ ಕೂತು ಬರುತ್ತವಲ್ಲ, ಅವೇ. ಒಳಗೆ ಗೆರೆ ಕೊರೆದು ಐದು, ಹತ್ತು ಎಂದು ಬರೆದಿರುತ್ತದೆ. ಔಷಧಿ ಮುಗಿದರೂ ಮುಚ್ಚಳ ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಎಂದಾದರೂ ಬೇಕಾದೀತು ಎಂದು ಇಟ್ಟುಕೊಳ್ಳುತ್ತೇವೆ, ಆ ಎಂದಾದರೂ ಎಂಬ ದಿನ ಮಾತ್ರ ಬರುವುದಿಲ್ಲ. ನಂಬಿಕೆ ಬಾರದಿದ್ದರೆ ನಿಮ್ಮ ಮನೆಯ ಡ್ರಾಯರನ್ನೂ ಒಮ್ಮೆ ಎಳೆದು ನೋಡಿ.

ನಮ್ಮ ಮನೆಯಲ್ಲಿ ಅವು ತುಸು ಹೆಚ್ಚೇ ಇವೆ. ಯಾಕೆಂದರೆ ನಾನು ಹೊಟ್ಟೆ ಹೊರೆದದ್ದೇ ಅಂಥ ಬಾಟಲಿಗಳನ್ನು ತುಂಬಿಸಿ. ಬೀದರ ಜಿಲ್ಲೆಯ ಭಾಲ್ಕಿ ಕಡೆಯ ಹಳ್ಳಿಯಿಂದ ಬಂದವನು ಸಂಭಾಜಿನಗರದ ಚಿಕಲಠಾಣಾದಲ್ಲಿ ಒಂದು ಔಷಧಿ ಕಾರ್ಖಾನೆ ಸೇರಿ, ಬಾಟಲಿ ತುಂಬುವ ಯಂತ್ರದ ಪಕ್ಕದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡೆ. ನೂರು ಮಿಲಿ ಎಂದು ಬರೆದ ಬಾಟಲಿಯಲ್ಲಿ ಒಂದು ಹನಿ ಕಡಿಮೆಯಾದರೆ ಕಾನೂನಿಗೆ ಸಿಟ್ಟು, ನಾಲ್ಕು ಹನಿ ಹೆಚ್ಚಾದರೆ ಮಾಲೀಕರಿಗೆ ಹೊಟ್ಟೆಯುರಿ. ಈ ಎರಡರ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ನನ್ನ ಆಯುಷ್ಯ ಸಾಗಿದೆ. ಮದುವೆ ಮನೆಯಲ್ಲಿ ಯಾರೋ ನೀರಿನ ಗಿಲಾಸು ಕೈಗೆ ಕೊಟ್ಟರೆ ನನ್ನ ಕಣ್ಣು ತಾನಾಗಿಯೇ ಎಷ್ಟು ಮಿಲಿ ಇದ್ದೀತು ಎಂದು ಅಂದಾಜು ಮಾಡುತ್ತದೆ. ಈ ಜಂಬಕ್ಕೆ ಮನೆಯಲ್ಲಿ ಕವಡೆಯ ಕಿಮ್ಮತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ, ಅದರಲ್ಲೂ ನಾನು ಮದ್ದಿನದೇ ಗಿಡ.

ಆ ಜಂಬ ಕೆಲಸಕ್ಕೆ ಬರುವ ಹೊತ್ತು ಬಂದದ್ದು ಅವ್ವನ ಕಾಲು ಬಾತುಕೊಂಡಾಗ. ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ. ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿ, ಪಾದದ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. ಒತ್ತಿದ ಗುಳಿ ಹಾಗೇ ಉಳಿಯಿತು. ಹೃದಯ ದಣಿದಿದೆ, ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತಿದೆ, ಇನ್ನು ಮೇಲೆ ದಿನಕ್ಕೆ ಒಂದೂಕಾಲು ಲೀಟರ್ ಮಾತ್ರ, ಚಹಾ, ಸಾರು, ಮಜ್ಜಿಗೆ ಎಲ್ಲ ಅದರಲ್ಲೇ ಎಂದರು. ಉಪ್ಪಿಗೂ ಕಟ್ಟು ಹಾಕಿದರು. ಬಾವು ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾದೀತು ಎಂದು ಮೆಲ್ಲಗೆ ಸೇರಿಸಿದರು.

ಅವ್ವ ಕೇಳಿದ್ದು ಒಂದೇ ಮಾತು. ನಾಸಿಕಕ್ಕೆ ಯಾವಾಗ ಹೋಗಬಹುದು? ಡಾಕ್ಟರು ತಲೆಯಾಡಿಸಿ, ಕಾಲು ಸಪಾಟಾಗದೆ ಪ್ರಯಾಣದ ಮಾತೇ ಬೇಡ ಎಂದುಬಿಟ್ಟರು.

ನಾಸಿಕದಲ್ಲಿ ಅವ್ವನ ಅಕ್ಕ ಇದ್ದಾಳೆ, ಗುರಮ್ಮ ದೊಡ್ಡವ್ವ. ಮಗನ ನೌಕರಿಯ ಬೆನ್ನು ಹತ್ತಿ ಅಲ್ಲಿಗೆ ಹೋದವಳು, ಈಗ ನಾಸಿಕ ರೋಡ್ ಎಂಬ ಬಡಾವಣೆಯ ಮನೆ ಬಿಟ್ಟು ಹೊರಗೆ ಬರುವ ಸ್ಥಿತಿಯಲ್ಲಿಲ್ಲ. ಮೊದಲೆಲ್ಲ ಅಕ್ಕತಂಗಿಯರು ದಿನಾ ಸಂಜೆ ಫೋನಿನಲ್ಲಿ ಮಾತಾಡುತ್ತಿದ್ದರು. ದೊಡ್ಡವ್ವನ ಕಿವಿ ಪೂರಾ ಮಂದವಾದ ಮೇಲೆ ಫೋನು ನಿಂತಿತು. ಕಿವಿಗೆ ಬಾಯಿ ಹಚ್ಚಿ ಕೂಗಿದರೆ ಮಾತ್ರ ಕೇಳಿಸುತ್ತದೆ, ಅದು ಫೋನಿನಲ್ಲಿ ಆಗುವ ಮಾತಲ್ಲ. ಹೀಗಾಗಿ ಅವ್ವನಿಗೆ ಅಕ್ಕನ ಜೊತೆ ಮಾತಾಡಬೇಕೆಂದರೆ ಅಕ್ಕನ ಪಕ್ಕದಲ್ಲೇ ಕೂರಬೇಕು. ಇಬ್ಬರಲ್ಲಿ ಯಾರು ಮೊದಲು ಹೋಗುತ್ತಾರೋ ಎಂಬ ಲೆಕ್ಕ ಅವಳ ಮನಸ್ಸಿನಲ್ಲಿತ್ತು. ಬಾಯಿ ಬಿಟ್ಟು ಹೇಳದಿದ್ದರೂ ನಮಗೆ ತಿಳಿಯುತ್ತಿತ್ತು.

ಮನೆಗೆ ಬಂದು ನಾನು ಒಂದು ಲೀಟರಿನ ಬಾಟಲಿಯಲ್ಲಿ ನೀರು ತುಂಬಿಸಿ, ಅವ್ವನ ಮಂಚದ ಪಕ್ಕ ಇಟ್ಟು, ಇದು ಇವತ್ತಿನದು ಎಂದೆ. ಉಳಿದ ಕಾಲು ಲೀಟರು ಚಹಾ, ಸಾರಿನ ಬಾಬ್ತು. ಅವ್ವ ಬಾಟಲಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ನಾ ಏನು ಕಂದೀಲೇನೋ ಯಪ್ಪಾ, ಲೀಟರ್ ಲೆಕ್ಕದಾಗ ಹಾಕ್ಲಕ್ಕ?" ಎಂದಳು.

ನಗು ಬಂದರೂ ಆಕೆಯ ಮಾತಿನಲ್ಲಿ ಹುರುಳಿತ್ತು. ನಮ್ಮೂರಿಗೆ ಲೀಟರ್ ಎಂಬ ಪ್ರಾಣಿ ಮೊದಲು ಕಾಲಿಟ್ಟದ್ದು ಸೊಸೈಟಿಯ ಚಿಮಣಿ ಎಣ್ಣೆಯ ಬೆನ್ನೇರಿ. ತಗಡಿನ ಡಬ್ಬಿ, ಅದಕ್ಕೊಂದು ಉದ್ದ ಹಿಡಿಕೆ, ಅದನ್ನು ಪೀಪಾಯಿಯಲ್ಲಿ ಮುಳುಗಿಸಿ ಎತ್ತಿದರೆ ಒಂದು ಲೀಟರ್. ಹಾಲು, ಒಳ್ಳೆಣ್ಣೆ, ತುಪ್ಪ ಎಲ್ಲ ಸೇರು, ಪಾವಸೇರು, ಛಟಾಕಿನ ಲೆಕ್ಕದಲ್ಲೇ ನಡೆಯುತ್ತಿದ್ದವು. ಶಾಲೆಯಲ್ಲಿ ಗುರುಗಳು ಲೀಟರ್ ಅಂದರೇನು ಎಂದು ಕೇಳಿದಾಗ ನಾನು ಕೈಯೆತ್ತಿ, ನಾತ ಬರುವ ಅಳತೆ ಎಂದಿದ್ದೆ. ಬೆಂಚಿನ ಮೇಲೆ ನಿಲ್ಲಿಸಿದರು. ಹೀಗೆ ನಿಂತವನೇ ಮುಂದೆ ಮಿಲಿಲೀಟರಿನ ಕಾವಲುಗಾರನಾದೆ ಎಂದರೆ ವಿಧಿಗೂ ತಮಾಷೆ ಗೊತ್ತಿದೆ.

ಕುಡಿಯುವ ನೀರನ್ನು ಅಳೆಯುವುದೇ ಅವ್ವನ ಪ್ರಕಾರ ಅಪಚಾರ. ನಳಕ್ಕೆ ದಿನಗಟ್ಟಲೆ ನೀರು ಬಾರದೆ ನಾವು ಡ್ರಮ್ಮು ಹಂಡೆಗಳಲ್ಲಿ ಹಿಡಿದಿಡುವ ಈ ಊರಿನಲ್ಲಿಯೂ ಅವಳು ಬಂದವರಿಗೆ ಕೊಟ್ಟ ತಂಬಿಗೆಯನ್ನು ಅಳೆದವಳಲ್ಲ. ಅಕ್ಕಿ ಅಳೆಯಬಹುದು, ಜೋಳ ಅಳೆಯಬಹುದು, ಅಳೆದ ನೀರು ಕುಡಿಯುವುದು ಜೇಲಿನವರು ಎಂದು ಅವಳ ವಾದ. ಒಂದು ದಿನ ಬಾಟಲಿಯನ್ನು ಮುಟ್ಟಲೇ ಇಲ್ಲ. ನೀರಡಿಸಿ ತುಟಿ ಒಣಗಿದರೂ ಮುಟ್ಟಲಿಲ್ಲ. ನನ್ನ ಹೆಂಡತಿ ಶಾಂತಾ ಕಲಬುರಗಿಯವಳು, ಅತ್ತೆಯ ಮಾತಿಗೆ ಸೇರಿಗೆ ಸವ್ವಾಸೇರು ಎಂಬಂತೆ ಉತ್ತರ ಕೊಡುವವಳು. ಅವಳೇ ಆವತ್ತು ಅತ್ತೆಯ ಕಡೆ ನಿಂತು, ನಿಮ್ಮ ಬಾಟ್ಲಿ ಬುದ್ಧಿ ಇಲ್ಲಿ ನಡ್ಯಲ್ಲ, ಅವರಿಗೆ ತಿಳಿಯೋ ಅಳತಿ ಹುಡುಕ್ರಿ ಎಂದಳು.

ಹುಡುಕಲು ಕೂತೆ. ಅಟ್ಟದ ಟ್ರಂಕಿನಲ್ಲಿ ಅವ್ವನ ಹಿತ್ತಾಳೆಯ ಪಾವಸೇರು ಇತ್ತು. ಸೇರಿನ ಕಾಲು ಭಾಗ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಬಾಯಿಯಂಚು ತುಸು ಸವೆದಿದೆ. ಅವ್ವನ ಅಪ್ಪ ಒಂದೇ ಅಚ್ಚಿನ ಎರಡನ್ನು ಮಾಡಿಸಿ, ಮದುವೆಯಲ್ಲಿ ಹೆಣ್ಣುಮಕ್ಕಳಿಬ್ಬರಿಗೂ ಒಂದೊಂದು ಕೊಟ್ಟಿದ್ದ. ಇದರ ಜೋಡಿ ನಾಸಿಕದಲ್ಲಿದೆ. ನಮ್ಮದನ್ನು ಹುಣಸೆಹಣ್ಣು ಹಚ್ಚಿ ತೊಳೆದೆ. ಇದರಲ್ಲಿ ಎಷ್ಟು ಮಿಲಿ ಹಿಡಿಯುತ್ತದೆ ಎಂದು ತಿಳಿದುಬಿಟ್ಟರೆ ಸಾಕು, ಲೀಟರನ್ನು ಸೇರಿನ ಭಾಷೆಗೆ ತಿರುಗಿಸಿಬಿಡಬಹುದು ಎಂದು ನನ್ನ ಹಂಚಿಕೆ.

ಕೇಳಲು ಸುಲಭ. ಫೋನಿನಲ್ಲಿ ನೋಡಿದರೆ ಸೇರು ಎಂದರೆ ಒಂದು ಕಡೆ ಒಂದು ಲೆಕ್ಕ, ಇನ್ನೊಂದು ಕಡೆ ಇನ್ನೊಂದು. ಕೆಲವರಿಗೆ ಅದು ತೂಕ, ಕೆಲವರಿಗೆ ಅಳತೆ. ಮುಂಬೈ ಸೀಮೆಯದು ಬೇರೆ, ನಿಜಾಮನ ಸೀಮೆಯದು ಬೇರೆ. ಅಷ್ಟೇಕೆ, ಭಾಲ್ಕಿಯ ಸಂತೆಯ ಸೇರಿಗೂ ನಮ್ಮೂರ ಅಂಗಡಿಯ ಸೇರಿಗೂ ಒಂದು ಹಿಡಿ ವ್ಯತ್ಯಾಸವಿತ್ತು, ಅದರ ಮೇಲೆಯೇ ಎರಡು ಮನೆಗಳ ಬೀಗತನ ಮುರಿದದ್ದು ನನಗೆ ಗೊತ್ತು. ಸಾಲದ್ದಕ್ಕೆ ಕಾಳಿನ ಸೇರಿಗೆ ತಲೆಯ ಮೇಲೆ ಗೋಪುರ ಬೇಕು. ಅಂಚಿಗೆ ಸರಿಯಾಗಿ ಕೈಯಾಡಿಸಿ ಅಳೆದುಕೊಟ್ಟರೆ ಜಿಪುಣನೆಂಬ ಹೆಸರು. ನೆರೆಮನೆಯಿಂದ ಸಕ್ಕರೆ ಕಡ ತಂದವರು ತಿರುಗಿ ಕೊಡುವಾಗ ಗೋಪುರ ಕಟ್ಟಿಯೇ ಕೊಡಬೇಕು. ಗೋಪುರವನ್ನು ಮಿಲಿಲೀಟರಿಗೆ ಹೇಗೆ ತಿರುಗಿಸುತ್ತೀರಿ? ಅದರ ಎತ್ತರ ಕೊಡುವವರ ಮನಸ್ಸಿನ ಮೇಲೆ ನಿಂತಿದೆ. ನೀರಿಗೆ ಗೋಪುರ ಇಲ್ಲ ಎಂಬುದೊಂದೇ ನನ್ನ ಪುಣ್ಯ.

ಕೊನೆಗೆ ಡ್ರಾಯರಿನ ಮುಚ್ಚಳಗಳನ್ನೆಲ್ಲ ಹೊರಗೆಳೆದೆ. ಆ ಎಂದಾದರೂ ಎಂಬ ದಿನ ಬಂದೇ ಬಂತು. ಹತ್ತು ಹತ್ತು ಮಿಲಿಯಂತೆ ಪಾವಸೇರಿಗೆ ಸುರಿಯುತ್ತಾ ಹೋದೆ. ಮಧ್ಯದಲ್ಲಿ ಶಾಂತಾ ಗ್ಯಾಸ್ ಮುಗಿದ ಸುದ್ದಿ ಹೇಳಿದಳು, ಎಣಿಕೆ ತಪ್ಪಿತು, ಮೊದಲಿಂದ ಸುರು ಮಾಡಿದೆ. ಅನುಮಾನ ಬಂದು ಮಿಕ್ಸರ್ ಜಾರಿನ ಗೆರೆಯಲ್ಲಿ ನೋಡಿದೆ, ಅದು ಬೇರೆ ಹೇಳಿತು. ಕುಕ್ಕರಿನ ಜೊತೆ ಬಂದ ಅಕ್ಕಿಯ ಕಪ್ಪಿನಲ್ಲಿ ನೋಡಿದೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕಡೆಗೆ ಮುಚ್ಚಳದ ಮಾತನ್ನೇ ಪ್ರಮಾಣವೆಂದು ಒಪ್ಪಿದೆ. ಅನ್ನದ ಋಣ ದೊಡ್ಡದು. ನಮ್ಮ ಮನೆಯ ಪಾವಸೇರು ಎಂದರೆ ಇನ್ನೂರ ನಲವತ್ತು ಮಿಲಿ, ನಾಲ್ಕು ಪಾವಸೇರು ಎಂದರೆ ಲೀಟರಿಗೆ ಒಂದೆರಡು ಗುಟುಕು ಕಡಿಮೆ. ನಾಲ್ಕು ಪಾವಸೇರಿಗೆ ಒಂದು ಸೇರು. ಅಂದರೆ ಅವ್ವನಿಗೆ ದಿನಕ್ಕೆ ಒಂದು ಸೇರು ನೀರು. ಎಷ್ಟು ಚೆಂದ ಕೂತಿತು ನೋಡಿ.

ಇದನ್ನು ಹೇಳಿದಾಗ ಅವ್ವನ ಮುಖ ಸಡಿಲವಾಯಿತು. ಸೇರು ಎಂದಮೇಲೆ ಅದು ಮನೆಯ ಮಾತು. ಹಿತ್ತಾಳೆಯ ಪಾವಸೇರನ್ನು ಕೈಯಲ್ಲಿ ಹಿಡಿದು, ಸವೆದ ಅಂಚಿನ ಮೇಲೆ ಬೆರಳಾಡಿಸಿ, ತಾಮ್ರದ ಚರಿಗೆ ತರಿಸಿದಳು. ಬೆಳಿಗ್ಗೆ ನಾಲ್ಕು ಪಾವು ಅಳೆದು ಚರಿಗೆಗೆ ಹಾಕುವುದು, ದಿನವಿಡೀ ಅದರಲ್ಲೇ ಕುಡಿಯುವುದು ಎಂದು ಕರಾರಾಯಿತು. ಲಿಂಗಪೂಜೆಯ ತೀರ್ಥ ಇದರಲ್ಲಿ ಬರುತ್ತದೋ ಇಲ್ಲವೋ ಎಂದು ಒಂದು ಪ್ರಶ್ನೆ ಎದ್ದಿತು. ಮುಚ್ಚಳದಲ್ಲಿ ಅಳೆದು ನೋಡಿದೆ, ಐದು ಮಿಲಿ. ದೇವರ ಬಾಬ್ತು ಎಂದು ಬಿಟ್ಟೆ.

ಇಲ್ಲಿ ನಮ್ಮ ಸೊಸೆಯ ಪರಿಚಯ ಮಾಡಿಕೊಡಬೇಕು. ಮಗ ಪ್ರೀತಿಸಿ ಮದುವೆಯಾದ ನಾಸಿಕದ ಮರಾಠಿ ಹುಡುಗಿ, ಬಂದು ವರ್ಷ ತುಂಬಿಲ್ಲ. ಹೆಸರು ಸಾಯಲಿ. ಅದೊಂದು ಹೂವಿನ ಹೆಸರಂತೆ, ಮರಾಠಿಯಲ್ಲಿ ಕೇಳಲು ಇಂಪು. ಕನ್ನಡದ ಮನೆಯಲ್ಲಿ ಬೆಳಗಾದರೆ ಹಾಗೆ ಕೂಗಲಾಗುತ್ತದೆಯೇ? ಅವ್ವ ಮೊದಲ ದಿನವೇ ಕಿವಿ ಮುಚ್ಚಿಕೊಂಡು, ನಾ ಹಂಗ ಕರ್ಯಾಕಿ ಅಲ್ಲ ಎಂದು, ತಾನೇ ಬಾಳವ್ವ ಎಂದು ಹೆಸರಿಟ್ಟಳು. ಹುಡುಗಿ ಅರ್ಥ ಕೇಳಿ ತಿಳಿದುಕೊಂಡು ನಕ್ಕು ಒಪ್ಪಿದಳು. ಅವಳ ಬಾಯಲ್ಲಿ ನಾನು ಬಾಬಾ, ಅವ್ವ ಆಜಿ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾಳೆ, ನಡುನಡುವೆ ಅವ್ವನ ಪಕ್ಕ ಕೂತು ಕನ್ನಡ ಕಲಿಯುತ್ತಾಳೆ. ಹೀಗಾಗಿ ಅವಳ ಕನ್ನಡ ಎಂಬತ್ತು ದಾಟಿದ ಬೀದರಿನ ಮುದುಕಿಯ ಕನ್ನಡ. ನನ್ನ ಗೆಳೆಯರೊಬ್ಬರು ಬಂದಾಗ, ಬರ್ರಿ, ಕುಂದರ್ರಿ, ಹೊಲಮನಿ ಆರಾಮ ಅವೇನ್ರಿ ಎಂದು ಕೇಳಿ ಅವರನ್ನು ಗಾಬರಿಪಡಿಸಿದ್ದಳು. ಅವರಿಗೆ ಇರುವುದು ಮೂರನೇ ಅಂತಸ್ತಿನ ಫ್ಲ್ಯಾಟು.

ನಾನು ಮೊದಲ ಪಾಳಿಗೆ ನಸುಕಿನಲ್ಲೇ ಹೊರಡುವವನು. ಅವ್ವ ಏಳುವುದು, ಸ್ನಾನ ಪೂಜೆ ಮುಗಿಸುವುದು ನಾನು ಹೋದಮೇಲೆ. ಆದ್ದರಿಂದ ನೀರು ಅಳೆಯುವ ಕೆಲಸವನ್ನು ಸಾಯಲಿಗೆ ವಹಿಸಿದೆ. ನಾಲ್ಕು ಪಾವು, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದು ಯಂತ್ರದ ಹುಡುಗರಿಗೆ ಹೇಳುವ ಧಾಟಿಯಲ್ಲೇ ಹೇಳಿದೆ. ಹುಡುಗಿ ನಿಷ್ಠೆಯಿಂದ ಒಪ್ಪಿಕೊಂಡಳು.

ವಾರಗಳು ಉರುಳಿದವು, ಬಾವು ಇಳಿಯಲಿಲ್ಲ. ಡಾಕ್ಟರು ಮತ್ತೆ ಹೆಬ್ಬೆರಳು ಒತ್ತಿದರು, ಮತ್ತೆ ಗುಳಿ. ತೂಕವೂ ಏರಿತ್ತು. ನೀರಿನ ಲೆಕ್ಕ ಸರಿಯಾಗಿದೆಯೇ ಎಂದು ಕೇಳಿದರು. ನಾನು ಎದೆಯುಬ್ಬಿಸಿ, ಸಾಹೇಬರೇ, ನನ್ನ ಉದ್ಯೋಗವೇ ಅದು ಎಂದೆ. ಅವರು ಒಂದು ಮಾತ್ರೆ ಹೆಚ್ಚಿಸಿ, ಮುಂದಿನ ಸಲವೂ ಹೀಗೇ ಇದ್ದರೆ ಆಸ್ಪತ್ರೆಗೆ ಸೇರಿಸೋಣ ಎಂದರು. ಆಟೋ ಮನೆ ಮುಟ್ಟಿದಾಗ ಅವ್ವ, ಅಕ್ಕನ ಮಾರಿ ನೋಡೋದು ಇನ್ನ ಹಣಿಬರದಾಗ ಇಲ್ಲೇನೋ ಎಂದಳು.

ಅಲ್ಲಿಂದ ನನ್ನ ಪತ್ತೇದಾರಿಕೆ ಸುರುವಾಯಿತು. ಕಾರ್ಖಾನೆಯಲ್ಲಿ ಔಷಧಿ ಹೆಚ್ಚು ಖರ್ಚಾದರೆ ಸೋರಿಕೆ ಎಲ್ಲಿ ಎಂದು ಹುಡುಕುತ್ತೇವೆ. ಇಲ್ಲಿ ಉಲ್ಟಾ, ನೀರು ಎಲ್ಲಿಂದ ಒಳಗೆ ಬರುತ್ತಿದೆ ಎಂದು ಹುಡುಕಬೇಕಿತ್ತು. ಶಾಂತಾಳ ಸಾರನ್ನು ಅಳೆದೆ, ಸೌಟು ಕಸಿದುಕೊಂಡು ಓಡಿಸಿದಳು. ಕಲ್ಲಂಗಡಿಯನ್ನು ಮನೆಯಿಂದ ಗಡಿಪಾರು ಮಾಡಿದೆ. ಸ್ನಾನದ ಹೊತ್ತಿನಲ್ಲಿ ಅವ್ವ ಬಾಯಿ ಮುಕ್ಕಳಿಸಿದ ನೀರನ್ನು ನುಂಗುತ್ತಾಳೋ ಎಂಬ ಅನುಮಾನವೂ ಬಂತು. ಹೆತ್ತವ್ವನ ಬಚ್ಚಲ ಬಾಗಿಲಿಗೆ ಕಿವಿಗೊಟ್ಟು ನಿಂತ ಮಗನನ್ನು ನೀವು ಎಲ್ಲಾದರೂ ನೋಡಿದ್ದೀರಾ? ಶಾಂತಾ ನೋಡಿದಳು. ಆಮೇಲೆ ಆ ವಿಷಯದಲ್ಲಿ ಅವಳ ಬಾಯಿ ಮುಚ್ಚಿಸುವುದು ನನಗೆ ಆಗಿಲ್ಲ.

ರಜೆಯ ದಿನ ಬೆಳಿಗ್ಗೆಯೇ ಪೇಟೆಗೆ ಹೋಗುವವನು ಒಂದು ಸಲ ಮನೆಯಲ್ಲೇ ಉಳಿದೆ. ಪೇಪರು ಹಿಡಿದು ಕೂತಿದ್ದೆ, ಅಡುಗೆಮನೆಯ ಕಟ್ಟೆಯ ಬಳಿ ನೀರು ಅಳೆಯುವ ಕೆಲಸ ನಡೆದಿತ್ತು. ಅವ್ವ ಕುರ್ಚಿಯಲ್ಲಿ ಕೂತು ಚರಿಗೆ ಹಿಡಿದಿದ್ದಳು, ಸಾಯಲಿ ಫಿಲ್ಟರಿನ ನಲ್ಲಿಯಿಂದ ಪಾವಸೇರು ತುಂಬಿ ಸುರಿಯುತ್ತಿದ್ದಳು. ಮೊದಲ ಪಾವು ಬಿದ್ದಾಗ ಅವ್ವ "ಲಾಭ" ಎಂದಳು.

ನನಗೆ ಒಳಗೇ ಹಿತವಾಯಿತು. ಎಷ್ಟು ದಿನವಾಗಿತ್ತು ಆ ಶಬ್ದ ಕೇಳಿ. ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ, ಅಂಗಡಿಯಲ್ಲಿ ಕಾಳು ಅಳೆಯುವಾಗ, ಮೊದಲ ಅಳತೆಗೆ ಯಾರೂ ಒಂದು ಎನ್ನುವುದಿಲ್ಲ. ಲಾಭ, ಎರಡು, ಮೂರು, ನಾಲ್ಕು ಎಂದೇ ಎಣಿಕೆ. ಅಜ್ಜ ಕಣದಲ್ಲಿ ಜೋಳ ಅಳೆಯುವಾಗ ಅವ್ವ ಮತ್ತು ದೊಡ್ಡವ್ವ ಲಂಗದ ಹುಡುಗಿಯರಾಗಿ ಗೋಣಿಚೀಲದ ಬಾಯಿಯನ್ನು ಎರಡು ಕಡೆಯಿಂದ ಹಿಡಿದು ನಿಲ್ಲುತ್ತಿದ್ದರಂತೆ. ಅಕ್ಕ ಲಾಭ ಎಂದರೆ ತಂಗಿ ಎರಡು ಎನ್ನಬೇಕು, ಅಕ್ಕ ಮೂರು, ತಂಗಿ ನಾಲ್ಕು. ತಪ್ಪಿದರೆ ಅಜ್ಜ ಮೊದಲಿಂದ ಅಳೆಯುತ್ತಿದ್ದನಂತೆ. ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ. ಮೊದಲನೆಯದು ಯಾಕೆ ಒಂದು ಅಲ್ಲ ಎಂದು ಸಣ್ಣವನಿದ್ದಾಗ ಕೇಳಿದರೆ, ಒಂದು ಅಂದರೆ ಒಬ್ಬಂಟಿ, ಒಳ್ಳೆಯದನ್ನು ಒಬ್ಬಂಟಿಯಿಂದ ಸುರು ಮಾಡಬಾರದು ಎಂದು ಅವ್ವ ಹೇಳಿದ್ದಳು. ಇದೇ ಸರಿಯಾದ ಕಾರಣವೋ ಏನೋ ನನಗೆ ತಿಳಿಯದು. ಬೇರೆಯವರು ಬೇರೆ ಹೇಳುತ್ತಾರೆ.

ಹೀಗೆ ಹಳೆಯದನ್ನು ನೆನೆಯುತ್ತಾ ಕೂತವನಿಗೆ ಎರಡನೆಯ ಪಾವು ಚರಿಗೆಗೆ ಬಿದ್ದ ಸದ್ದು ಕೇಳಿಸಿತು. ಆಗ ಸಾಯಲಿಯ ದನಿ, "ಏಕ್."

ಮೂರನೆಯದಕ್ಕೆ ದೋನ್ ಎಂದಳು, ನಾಲ್ಕನೆಯದಕ್ಕೆ ತೀನ್. ಐದನೆಯ ಪಾವು ಸುರಿದು, ಚಾರ್ ಎಂದು ಪಾವಸೇರನ್ನು ಬೋರಲು ಹಾಕಿದಳು. ಅವ್ವ ಚರಿಗೆಯ ಮೇಲೆ ತಟ್ಟೆ ಮುಚ್ಚಿದಳು.

ನನ್ನ ಕೈಯಿಂದ ಪೇಪರು ಜಾರಿತು. ಅಲ್ಲಮ್ಮಾ, ಐದು ಹಾಕಿದೆಯಲ್ಲ ಎಂದೆ. ಅವಳು ನಿರಾಳವಾಗಿ, ಇಲ್ಲ ಬಾಬಾ, ನಾಲ್ಕೇ, ಮೊದಲನೆಯದು ಲಾಭ ಅಲ್ಲವೇ ಎಂದಳು. ಮರಾಠಿಯಲ್ಲಿಯೂ ಲಾಭ ಎಂದರೆ ಲಾಭವೇ. ಲೆಕ್ಕದ ಹೊರಗಿನದು, ಮೇಲಿಂದ ಬಂದದ್ದು. ಆಜಿ ಮೊದಲ ದಿನವೇ ಲಾಭ ಎಂದದ್ದನ್ನು ಕೇಳಿ, ಇದು ಇವರ ಮನೆಯ ಪದ್ಧತಿ, ಮೊದಲ ಪಾವು ಎಣಿಕೆಗೆ ಬರುವುದಿಲ್ಲ ಎಂದು ಅವಳು ತಿಳಿದುಕೊಂಡಿದ್ದಳು. ದಿನಾ ತಪ್ಪದೆ, ನಿಷ್ಠೆಯಿಂದ, ಒಂದು ಪಾವು ಹೆಚ್ಚು.

ನಾನು ವಿವರಿಸಿದಾಗ ಹುಡುಗಿಯ ಮುಖ ಸಣ್ಣದಾಯಿತು. ಕಣ್ಣಲ್ಲಿ ನೀರು ಬಂತು. ನನ್ನಿಂದಲೇ ಆಜಿಯ ಕಾಲಿನ ಬಾವು ಇಳಿಯಲಿಲ್ಲ, ನನ್ನಿಂದಲೇ ನಾಸಿಕ ತಪ್ಪಿತು ಎಂದು ಮರಾಠಿ ಕನ್ನಡ ಬೆರೆಸಿ ಅಳತೊಡಗಿದಳು. ಅವಳನ್ನು ಬಿಟ್ಟು ಅವ್ವನ ಕಡೆ ತಿರುಗಿದೆ. ಅವಳಂತೂ ಕಣದಲ್ಲಿ ಹುಟ್ಟಿ ಬೆಳೆದವಳು, ಐದಾದದ್ದು ಅವಳಿಗೆ ತಿಳಿಯದೇ ಇರಲು ಸಾಧ್ಯವೇ ಇಲ್ಲ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

ಅವ್ವ ಚರಿಗೆಯ ಅಂಚನ್ನು ಸೆರಗಿನಿಂದ ಒರೆಸಿದಳು.

"ನೀರಡಿಕಿ ಆಗ್ತಿತ್ತು ಯಪ್ಪಾ," ಎಂದಳು. "ನೀವೆಲ್ಲಾ ನನಗ ಅಳದ ಕೊಡ್ಲತ್ತೀರಿ. ಈಕಿ ಒಬ್ಬಾಕಿ ಒಂದ ಪಾವ ಅಳೀಲಾರದ ಕೊಟ್ಲು. ಬ್ಯಾಡ ಅನ್ಲಕ್ಕ ಮನಸ ಬರ್ಲಿಲ್ಲ."

ಆಮೇಲೆ ಸಾಯಲಿಯ ಗಲ್ಲ ಹಿಡಿದು, ನೀ ತಪ್ಪ ಮಾಡಿಲ್ಲ ಬಾಳವ್ವ, ಆಶಾ ಮಾಡಿದಾಕಿ ನಾನು ಎಂದಳು. ತಾನೇ ಚರಿಗೆಯ ತಟ್ಟೆ ತೆಗೆದು ಒಂದು ಪಾವು ತುಂಬಿ ಹೊರಗೆ ತೆಗೆದು, ಬಾಲ್ಕನಿಯ ಬಿಲ್ವದ ಕುಂಡಕ್ಕೆ ಹಾಕಿಸಿದಳು. ನೀರಡಿಕೆ ಎಂಬುದು ಎಷ್ಟು ದೊಡ್ಡ ಮಾತು ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಬಾಟಲಿಗಳಿಗೆ ನೀರಡಿಸುವುದಿಲ್ಲ ನೋಡಿ.

ಸಾಯಲಿ ಆವತ್ತೇ ನಾಸಿಕದ ಹತ್ತಿರದ ಘೋಟಿಯಲ್ಲಿರುವ ತನ್ನ ಅಜ್ಜನಿಗೆ ಫೋನು ಮಾಡಿದಳು. ಆತ ಅಲ್ಲಿನ ಪೇಟೆಯಲ್ಲಿ ಆಯುಷ್ಯವಿಡೀ ಅಕ್ಕಿ ಮಾರಿದವನು. ಮೊಮ್ಮಗಳ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕನಂತೆ. ನಾನೂ ಅಂಗಡಿಯಲ್ಲಿ ಲಾಭ, ದೋನ್, ತೀನ್ ಎಂದೇ ಅಳೆಯುತ್ತಿದ್ದೆ, ನೀನು ರಜೆಗೆ ಬಂದರೂ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ನೋಡಿದ್ದರೆ ಗೊತ್ತಾಗುತ್ತಿತ್ತು ಎಂದನಂತೆ. ಮರುದಿನದಿಂದ ಅವಳೂ ಲಾಭ, ಎರಡು, ಮೂರು, ನಾಲ್ಕು ಎಂದು ಕನ್ನಡದಲ್ಲೇ ಎಣಿಸತೊಡಗಿದಳು. ಅವ್ವನ ಬಾಯಾರಿಕೆಗೆ ನೆಲ್ಲಿಕಾಯಿಯ ಚೂರು ಬಾಯಲ್ಲಿಡುವ ಉಪಾಯವನ್ನೂ ಅವಳೇ ಡಾಕ್ಟರನ್ನು ಕೇಳಿ ತಂದಳು.

ಮಾತ್ರೆಯ ಪುಣ್ಯವೋ, ಪಾವಿನ ಪುಣ್ಯವೋ, ಬಾವು ಇಳಿಯತೊಡಗಿತು. ಮುಂದಿನ ಸಲ ಡಾಕ್ಟರು ಹೆಬ್ಬೆರಳು ಒತ್ತಿ ತೆಗೆದಾಗ ಗುಳಿ ತಾನೇ ತುಂಬಿಕೊಂಡಿತು. ನಾಸಿಕಕ್ಕೆ ಹೋಗಿಬನ್ನಿ, ನೀರಿನ ಲೆಕ್ಕ ಮಾತ್ರ ದಾರಿಯಲ್ಲೂ ಬಿಡಬೇಡಿ ಎಂದರು. ಅವ್ವ ಮನೆಗೆ ಬಂದವಳೇ ಟ್ರಂಕಿನಿಂದ ಇಳಕಲ್ಲ ಸೀರೆ ತೆಗೆಸಿದಳು.

ಬಾಡಿಗೆ ಕಾರಿನಲ್ಲಿ ಹೊರಟೆವು. ಅವ್ವ ಕಿಟಕಿಯ ಬಳಿ, ಪಕ್ಕದಲ್ಲಿ ಸಾಯಲಿ, ಅವಳ ಮಡಿಲಲ್ಲಿ ಆ ದಿನದ ನಾಲ್ಕು ಪಾವು ನೀರಿನ ಬಾಟಲಿ. ನಾನು ಮುಂದೆ ಕೂತು ಕನ್ನಡಿಯಲ್ಲಿ ಕಣ್ಣಿಟ್ಟಿದ್ದೆ. ಬಿಸಿಲು ಜೋರಾಗಿತ್ತು. ಯೇವಲಾ ದಾಟುವಷ್ಟರಲ್ಲಿ ಎರಡು ಪಾವು ಖಾಲಿಯಾಯಿತು, ನಾಸಿಕ ಮುಟ್ಟುವಾಗ ಮೂರು. ಉಳಿದ ಒಂದು ಪಾವಿನಲ್ಲಿ ಸಂಜೆ ಮತ್ತು ರಾತ್ರಿ ಕಳೆಯಬೇಕು, ಮಾತ್ರೆ ನುಂಗಬೇಕು. ಮನಸ್ಸಿನಲ್ಲೇ ಗುಟುಕುಗಳನ್ನು ಹಂಚಿಕೊಂಡು ಕೂತಿದ್ದೆ.

ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು, ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು. ಇನ್ನೊಂದು ಕೈಯಲ್ಲಿ ಹಿತ್ತಾಳೆಯ ಪಾವಸೇರು, ನಮ್ಮನೆಯದರ ಜೋಡಿ, ಅಂಚಿನವರೆಗೆ ತುಂಬಿದ ನೀರು. ಬಿಸಿಲಿಂದ ಬಂದ ತಂಗಿಗೆ ನೀರು ಕೊಡದೆ ಒಳಗೆ ಹೇಗೆ ಕರೆಯುವುದು? ಡಾಕ್ಟರು, ಲೀಟರು, ಬಾವು ಯಾವುದೂ ಆಕೆಗೆ ಗೊತ್ತಿರಲಿಲ್ಲ. ನಿಂತಲ್ಲಿಂದ ಹೇಳಿದರೂ ಆ ಕಿವಿಗೆ ಮುಟ್ಟುವಂತಿರಲಿಲ್ಲ. ಅವ್ವ ಹೊಸ್ತಿಲ ಹೊರಗೇ ನಿಂತು ಎರಡೂ ಕೈಯಲ್ಲಿ ಪಾವಸೇರನ್ನು ತೆಗೆದುಕೊಂಡಳು. ತೆಗೆದುಕೊಂಡು, ನನ್ನ ಕಡೆ ತಿರುಗಿ ನೋಡಿದಳು.

ಆ ನೋಟ ನನ್ನನ್ನು ಈಗಲೂ ಕಾಡುತ್ತದೆ. ನನ್ನನ್ನು ಹೆತ್ತು ಹಾಲೂಡಿಸಿದವಳು ಒಂದು ಪಾವು ನೀರಿಗೆ ನನ್ನ ಅಪ್ಪಣೆ ಕೇಳುತ್ತಿದ್ದಳು. ಆದರೆ ಹಾಳು ತಲೆ, ಅದು ಆಗಲೂ ಇನ್ನೂರ ನಲವತ್ತು ಎಂದಿತು. ಬೇಡ ಎಂದು ಹೇಳಲು ನಾನು ಬಾಯಿ ತೆರೆದೆ.

ಹಿಂದಿನಿಂದ ಸಾಯಲಿ ನನ್ನ ತೋಳು ಮುಟ್ಟಿದಳು.

"ಬಾಬಾ, ಅದು ಲಾಭ," ಎಂದಳು. "ಅದನ್ನ ಎಣಸಬ್ಯಾಡ್ರಿ."

ನಾನು ಬಾಯಿ ಮುಚ್ಚಿದೆ. ಅವ್ವ ಪಾವಸೇರನ್ನು ತುಟಿಗಿಟ್ಟು ಕಣ್ಣು ಮುಚ್ಚಿ ಕುಡಿದಳು. ಅರ್ಧಕ್ಕೆ ನಿಲ್ಲಿಸಿ, ಅಕ್ಕನ ಕೈಗೆ ಅದನ್ನು ಕೊಟ್ಟು, ಅವಳ ಕಿವಿಗೆ ಬಾಯಿ ಹಚ್ಚಿ ಜೋರಾಗಿ "ಎರಡು" ಎಂದಳು. ದೊಡ್ಡವ್ವ ಒಂದು ಕ್ಷಣ ತಂಗಿಯ ಮುಖವನ್ನೇ ನೋಡಿದಳು. ಆಮೇಲೆ ಬೊಚ್ಚುಬಾಯಿ ತುಂಬ ನಕ್ಕು, ಒಂದು ಗುಟುಕು ಕುಡಿದು, "ಮೂರು" ಎಂದು ತಿರುಗಿ ಕೊಟ್ಟಳು. ಹೊಸ್ತಿಲ ಆಚೆ ಒಬ್ಬಳು, ಈಚೆ ಒಬ್ಬಳು ನಿಂತು, ನೀರು ಮುಗಿದ ಮೇಲೂ ಪಾವಸೇರನ್ನು ಕೊಟ್ಟು ತೆಗೆದುಕೊಳ್ಳುತ್ತಾ ಎಣಿಸುತ್ತಲೇ ಇದ್ದರು. ಆವತ್ತು ಅವ್ವ ಎಷ್ಟು ಮಿಲಿ ಕುಡಿದಳೆಂದು, ಇಷ್ಟು ವರ್ಷ ಬಾಟಲಿ ತುಂಬಿಸಿದ ನನಗೆ ಇಂದಿಗೂ ಗೊತ್ತಿಲ್ಲ.